ಅಂಜಿಕೆಗೂ ಒಂದು ಕೆಲಸ



‘ಧೈರ್ಯಂ ಸರ್ವತ್ರ ಸಾಧನಂ’ ಎಂದು ಹಿರಿಯರು ಹೇಳಿದ್ದಾರೆ. ಅಲ್ಲವೆನ್ನುವಷ್ಟು ಧೈರ್ಯ ನನಗಿಲ್ಲ. ಆದರೂ ಈ ಸಲ ಅಂಜುಬುರುಕರ ಪರವಾಗಿ ಎರಡು ಮಾತು ಹೇಳಬೇಕೆಂದಿದ್ದೇನೆ. ಮನೆಯಲ್ಲಿಯೇ ಹಪ್ಪಳ, ಸಂಡಿಗೆ, ಹುಳಿಪುಡಿ ಮಾಡಿ ಮಾರುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಿಗೆ ಹೆದರಿಕೆಯೇ ಇಲ್ಲವೆಂದು ನಾನು ನಂಬಲಾರೆ. ಹೆದರಿಕೆಯ ದೆಸೆಯಿಂದಲೇ ಕೆಲಸ ನಿಲ್ಲದೆ ನಡೆದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ನನ್ನ ಅಕ್ಕನ ಮನೆ ವಿಜಯವಾಡದ ಸಿಂಗ್ ನಗರದಲ್ಲಿ, ನೆಲ ಅಂತಸ್ತು. 2024ರ ಸೆಪ್ಟೆಂಬರ್ 1ರಂದು ಬುಡಮೇರು ಉಕ್ಕಿ ಆ ಬಡಾವಣೆಗೆ ನುಗ್ಗಿತು. ಗೌರಿ ಹಬ್ಬಕ್ಕೆ ಐದೇ ದಿನ ಉಳಿದಿತ್ತು. ಹಬ್ಬದ ವ್ಯಾಪಾರಕ್ಕೆಂದು ಅಕ್ಕ ಎರಡು ಮೂಟೆ ಉದ್ದಿನಬೇಳೆ ತರಿಸಿಟ್ಟಿದ್ದಳು. ನೀರು ಏರಿದಾಗ ಮಹಡಿಯ ಮೇಲಿನವರ ಮನೆ ಸೇರಿ ಜೀವ ಉಳಿಸಿಕೊಂಡರು. ನೀರಿಳಿದ ಮೇಲೆ ಬಂದು ನೋಡಿದರೆ ಬೇಳೆಯೆಲ್ಲ ಕೆಸರುನೀರಿನಲ್ಲಿ ನೆನೆದು ಊದಿಕೊಂಡಿತ್ತು.

ನಮ್ಮ ಭಾವ ಒಳ್ಳೆಯವರು. ಆದರೆ ನಷ್ಟದ ಭಯ ಒಳ್ಳೆಯವರ ಬಾಯಿಂದಲೂ ಏನೇನೋ ಆಡಿಸುತ್ತದೆ. “ತೊಳೆದು ಒಣಗಿಸಿ ಹಿಟ್ಟು ಮಾಡಿಸಿದರೆ ಯಾರಿಗೆ ತಿಳಿಯುತ್ತದೆ?” ಎಂದರು.

“ತಿಂದವರ ಹೊಟ್ಟೆಗೆ ತಿಳಿಯುತ್ತದೆ” ಎಂದಳು ಅಕ್ಕ. ಎರಡು ಮೂಟೆಯೂ ಬೀದಿಯ ಕಸಕ್ಕೆ ಹೋಯಿತು. ಅದರೊಡನೆ ವ್ಯಾಪಾರವೂ ಹೋಯಿತೆಂದೇ ನಾವೆಲ್ಲ ಎಣಿಸಿದೆವು. ನಾನು ವಿಶಾಖಪಟ್ಟಣದಿಂದ ನೋಡಲು ಹೋದಾಗ ಅವಳೇ ಹೇಳಿದಳು: “ಸಾಕು ಕಣೋ. ರಾತ್ರಿ ನಲ್ಲಿಯಲ್ಲಿ ನೀರು ತೊಟ್ಟಿಕ್ಕಿದರೂ ಎದ್ದು ಕೂರುತ್ತೇನೆ.” ನಾನು ‘ಧೈರ್ಯವಾಗಿರು’ ಎಂದು ಹೇಳಿ ರೈಲು ಹತ್ತಿದೆ. ಖರ್ಚಿಲ್ಲದ ಉಪದೇಶ, ಫಲವೂ ಅಷ್ಟೇ.

ದೀಪಾವಳಿ ಕಳೆದ ಮೇಲೆ ಫೋನು ಬಂದಿತು. ಹಪ್ಪಳದ ಮಣೆ ಮತ್ತೆ ಕೆಳಗಿಳಿದಿತ್ತು. “ಹೆದರಿಕೆ ಹೋಯಿತೇನಕ್ಕ?” ಎಂದೆ. “ಎಲ್ಲಿ ಹೋಗುತ್ತದೆ? ಸುಮ್ಮನೆ ಕೂತು ತಿನ್ನುತ್ತಿತ್ತು; ಈಗ ಕೆಲಸಕ್ಕೆ ಹಚ್ಚಿದ್ದೇನೆ” ಎಂದಳು.

ಆ ಕೆಲಸವೇನೆಂದು ಹೋದಾಗ ನೋಡಿದೆ. ಮೂಟೆಗಟ್ಟಲೆ ಬೇಳೆ ತರಿಸುವುದು ನಿಂತಿದೆ. ವಾರಕ್ಕೆ ಹತ್ತು ಕಿಲೋ ಮಾತ್ರ. ಅದೂ ಮುಚ್ಚಳ ಬಿಗಿಯಾದ ಡಬ್ಬಿಗಳಲ್ಲಿ, ತಲೆಯ ಮೇಲಿನ ಅಟ್ಟದಲ್ಲಿ. ಪ್ರತಿ ಶನಿವಾರ ಬಂದ ಹಣದಲ್ಲಿ ಒಂದು ಪಾಲು ಅಂಚೆ ಕಚೇರಿಯ ಉಳಿತಾಯ ಖಾತೆಗೆ. ಒಂದು ತಿಂಗಳ ಸಾಮಾನಿನ ಬೆಲೆಯಷ್ಟು ಅಲ್ಲಿ ಸದಾ ಇರಬೇಕು. ಯಾರಿಂದ ಎಷ್ಟು ಬರಬೇಕೆಂಬ ಲೆಕ್ಕಕ್ಕೆ ಎರಡು ಪ್ರತಿ; ಒಂದು ನಮ್ಮ ಮನೆಗೆ. ಇದರಲ್ಲಿ ಒಂದನ್ನೂ ಧೈರ್ಯ ಹೇಳಿಕೊಡಲಿಲ್ಲ. ಎಲ್ಲವೂ ಆ ನೀರಿನ ಭಯ ಹೇಳಿಕೊಟ್ಟ ಪಾಠ.

ಇದನ್ನು ಅಮೆರಿಕದ ಪಂಡಿತರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ಲೆವೆಂತಾಲ್ ಎಂಬವರು ತಮ್ಮ ಸಂಗಡಿಗರೊಡನೆ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ವಿಷಯ ಓದಲು ಕೊಟ್ಟರು. ಕೆಲವರಿಗೆ ಮೈ ನಡುಗುವಂತೆ, ಕೆಲವರಿಗೆ ಸೌಮ್ಯವಾಗಿ. 1965ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಹಳ ಹೆದರಿದವರು ಚುಚ್ಚುಮದ್ದು ಬೇಕೇ ಬೇಕೆಂದರು. ಆದರೆ ಹೋಗಿ ಹಾಕಿಸಿಕೊಂಡವರು ನೂರಕ್ಕೆ ಸುಮಾರು ಮೂವರು. ಆರೋಗ್ಯ ಕೇಂದ್ರವನ್ನು ಗುರುತಿಸಿದ ನಕ್ಷೆ ಕೊಟ್ಟು, ಯಾವಾಗ ಹೋಗುವಿರೆಂದು ಯೋಚಿಸಲು ಹೇಳಿದ ಗುಂಪಿನಲ್ಲಿ ನೂರಕ್ಕೆ ಸುಮಾರು 28 ಮಂದಿ ಹೋದರು. ಬರಿಯ ಹೆದರಿಕೆ ಕಾಲು ಕದಲಿಸಲಿಲ್ಲ. ದಾರಿ ಕಂಡ ಮೇಲೆ ಕಾಲು ಎದ್ದಿತು. ಅಕ್ಕನ ಅಟ್ಟವೇ ಅವಳ ನಕ್ಷೆ.

ಹಪ್ಪಳಕ್ಕೂ ಮಳೆಗೂ ಇರುವ ಹಗೆ ಹಳೆಯದು. ಇಂದು ಲಿಜ್ಜತ್ ಎಂದು ಮನೆಮಾತಾಗಿರುವ ಸಂಸ್ಥೆಯನ್ನು 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲದಿಂದ ಆರಂಭಿಸಿದರು. ಮೊದಲ ದಿನ ಮಹಡಿಯ ಮೇಲೆ ತಯಾರಾದದ್ದು ನಾಲ್ಕು ಪೊಟ್ಟಣ. ನಷ್ಟವಾದರೂ ಯಾರ ಮುಂದೂ ಕೈಯೊಡ್ಡಬಾರದೆಂದು ಅವರ ನಿಶ್ಚಯ. ಮೊದಲ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮುಂದಿನ ವರ್ಷ ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಮೋಡಕ್ಕೆ ಹೆದರದವರಿಗೆ ಈ ಉಪಾಯ ಹೊಳೆಯುತ್ತಿರಲಿಲ್ಲ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು.

ಇನ್ನು ನನ್ನ ಪುರಾಣ. ಹೋದ ವರ್ಷ ನನ್ನಾಕೆ ಚಟ್ನಿಪುಡಿಯ ವ್ಯಾಪಾರ ಹೂಡಿದಾಗ ಗುಮಾಸ್ತನಾದ ನನಗೆ ನಿದ್ದೆ ಹಾರಿತು. ಯಾರಾದರೂ ಮೂಗರ್ಜಿ ಹಾಕಿದರೆ? ಹತ್ತು ರಾತ್ರಿ ಹೊರಳಾಡಿ, ಹನ್ನೊಂದನೆಯ ದಿನ ಕೇಂದ್ರ ನೌಕರರ 1964ರ ನಡತೆ ನಿಯಮಗಳನ್ನು ತೆರೆದೆ. ಮನೆಯವರು ವ್ಯಾಪಾರ ಮಾಡಿದರೆ ಸರಕಾರಕ್ಕೆ ತಿಳಿಸಬೇಕು ಎಂದಿತ್ತು. ಅರ್ಧ ಪುಟ ಬರೆದು ಕೊಟ್ಟೆ. ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿದೆವು. ಅಂದು ನಿದ್ದೆ ಬಂದಿತು. ಮನೆಯ ವ್ಯಾಪಾರಕ್ಕೆ ನೌಕರನು ಗಿರಾಕಿಗಳನ್ನು ಹುಡುಕಬಾರದೆಂದೂ ಅದೇ ನಿಯಮ ಹೇಳುತ್ತದೆ. ಆದಕಾರಣ ಆ ಚಟ್ನಿಪುಡಿಯ ರುಚಿಯ ವಿಷಯ ಇಲ್ಲಿ ಒಂದಕ್ಷರವನ್ನೂ ಬರೆಯಲಾರೆ.

ಹಾಗೆಂದು ಹೆದರಿಕೆ ಹೇಳಿದ್ದೆಲ್ಲ ವೇದವಾಕ್ಯವಲ್ಲ. ನೆನೆದ ಬೇಳೆಯನ್ನು ಮಾರು ಎಂದದ್ದೂ ಹೆದರಿಕೆಯೇ, ಎಸೆ ಎಂದದ್ದೂ ಹೆದರಿಕೆಯೇ. ಒಂದು ಹಣ ಹೋದೀತೆಂಬುದು. ಇನ್ನೊಂದು ನಂಬಿದವರಿಗೆ ಕೇಡಾದೀತೆಂಬುದು. ಯಾವುದರ ಮಾತು ಕೇಳಬೇಕೆಂದು ತಿಳಿಯದಾದಾಗ, ಅದು ಮಾಡಿಸುವ ಕೆಲಸವನ್ನು ಗಿರಾಕಿಯ ಎದುರಿನಲ್ಲಿ ಹೇಳಬಲ್ಲೆವೇ ಎಂದು ಕೇಳಿಕೊಂಡರೆ ಸಾಕು. ಹೇಳಬಲ್ಲೆವಾದರೆ ಅಂದೇ ಮಾಡಿಬಿಡುವುದು.

ಅಕ್ಕ ಈಗಲೂ ಮಳೆಯ ರಾತ್ರಿಗಳಲ್ಲಿ ಎದ್ದು ಕೂರುತ್ತಾಳಂತೆ. ದೀಪ ಹಾಕಿ ಅಟ್ಟದ ಕಡೆ ಒಮ್ಮೆ ನೋಡುತ್ತಾಳೆ. ಡಬ್ಬಿಗಳನ್ನು ಎಣಿಸಿ ಮತ್ತೆ ಮಲಗುತ್ತಾಳೆ. ಬೆಳಗ್ಗೆ ಐದಕ್ಕೆ ಹಿಟ್ಟು ಕಲಸಬೇಕಲ್ಲ!