ಗೃಹವಿಚಾರ: ಮಹಾನಗರದ ಬಂಧುಗಳ ಮನೆಯೂ ಮಂಜುಗಡ್ಡೆಯ ಅಂಗಣವೂ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಮಹಾನಗರದ ನಂಟು ಒಂದಾದರೂ ಇಲ್ಲದ ಮನೆ ಈಗ ವಿರಳ. ಒಬ್ಬರ ಮಗಳು ಬೆಂಗಳೂರಿನಲ್ಲಿ ಸಂಸಾರ ಹೂಡಿರುವಳು. ಇನ್ನೊಬ್ಬರ ತಮ್ಮ ಮುಂಬಯಿಯಲ್ಲಿ ನೌಕರಿಯಲ್ಲಿರುವನು. ಮತ್ತೊಬ್ಬರ ಅಳಿಯ ಸೈನ್ಯದಲ್ಲಿದ್ದು ದಿಲ್ಲಿಗೋ ಡೆಹರಾಡೂನಿಗೋ ವರ್ಗವಾಗಿರುವನು. ಕೆಲವರ ಮಕ್ಕಳು ದುಬೈ, ಟೊರೊಂಟೊಗಳವರೆಗೆ ಹೋಗಿ ನೆಲೆಸಿರುವರು. ರಜೆ ಬಂದೊಡನೆ ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತುವ, ಸಂಕೇಶ್ವರದ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವ ಕುಟುಂಬಗಳಿಗೆ ಲೆಕ್ಕವಿಲ್ಲ. ಹಿಂದೆ ಹೀಗೆ ಹೊರಟ ಮಕ್ಕಳು ಸಮುದ್ರವನ್ನು ತೋರಿಸಿರಿ, ಹುಲಿ-ಸಿಂಹಗಳನ್ನು ತೋರಿಸಿರಿ ಎಂದು ಕೇಳುತ್ತಿದ್ದರು. ಈಗಿನ ಮಕ್ಕಳು ಮಂಜುಗಡ್ಡೆಯ ಮೇಲೆ ಜಾರುವ ಸ್ಕೇಟಿಂಗ್ ಆಟವನ್ನು ಕೇಳುತ್ತಿರುವರು. ಈ ಆಶೆಯು ತಪ್ಪಲ್ಲ. ಆದರೆ ಹಿರಿಯರು ಮುಂದಾಗಿ ವಿಚಾರಿಸದೆ ಹೊರಟರೆ ಹಣವೂ ಹೋಗುವದು, ಮಗುವಿನ ಮನಸ್ಸೂ ಮುರಿಯುವದು, ಕೆಲವೊಮ್ಮೆ ಕೈಯೆಲುಬೂ ಮುರಿಯುವದು. ಆದಕಾರಣ ಈ ತಿಂಗಳು ಅದೇ ವಿಷಯವಾಗಿ ನಾಲ್ಕು ಮಾತು.

ಮೊದಲನೆಯದಾಗಿ, ಹಿಮದ ಮನೆ ಬೇರೆ, ಮಂಜುಗಡ್ಡೆಯ ಅಂಗಣ ಬೇರೆ ಎಂಬುವದನ್ನು ತಿಳಿಯಬೇಕು. ಬೆಂಗಳೂರಿನ ಜಯಮಹಲ್ ರಸ್ತೆಯಲ್ಲಿ ಆರಂಭವಾದ ಸ್ನೋ ಸಿಟಿಯು ಮೊದಲನೆಯ ಜಾತಿಯದು. ದಪ್ಪನ್ನ ಅಂಗಿ, ಕೈಗವಸು, ಬೂಟುಗಳನ್ನು ತೊಟ್ಟು, ಕೂಡಿಹಾಕಿದ ಹಿಮದಲ್ಲಿ ಕೆಲಹೊತ್ತು ಹೊರಳಾಡಿ ಬರುವದಕ್ಕೆ ಅದು ತಕ್ಕ ಸ್ಥಳ. ಅಲಗು ಕೂಡಿಸಿದ ಬೂಟಿನಿಂದ ಜಾರಬೇಕಾದರೆ ಕನ್ನಡಿಯಂತೆ ಸಮನಾದ ಗಟ್ಟಿ ಮಂಜುಗಡ್ಡೆಯೇ ಬೇಕು. ಇವೆರಡೂ ಅಲ್ಲದ ಮೂರನೆಯದೊಂದುಂಟು: ಕೆಲವು ಮಾಲುಗಳಲ್ಲಿ ಬಿಳಿಯ ಪ್ಲಾಸ್ಟಿಕ್ ಹಲಗೆಗಳನ್ನು ಹೊಂದಿಸಿ ಅದನ್ನೂ ಐಸ್ ಸ್ಕೇಟಿಂಗ್ ಎಂದೇ ಕರೆಯುವರು. ಅದರ ಮೇಲೂ ಅಲಗು ಜಾರುವದು, ಆದರೆ ಹೆಚ್ಚು ಬಲ ಹಾಕಿ ತಳ್ಳಬೇಕಾಗುವದು. ಫಲಕದ ಮೇಲಿನ ಹೆಸರನ್ನು ನಂಬದೆ, ನೆಲವು ನೀರಿನದೋ ಪ್ಲಾಸ್ಟಿಕ್ಕಿನದೋ ಎಂದು ಸ್ಪಷ್ಟವಾಗಿ ಕೇಳುವದರಲ್ಲಿ ಸಂಕೋಚವೇನೂ ಬೇಡ.

ನಿಜವಾದ ಅಂಗಣಗಳು ನಮ್ಮ ದೇಶದಲ್ಲಿ ಇಷ್ಟು ವಿರಳವಾಗಿರಲು ಕಾರಣವಿದೆ. ಬಿಸಿಲ ನಾಡಿನಲ್ಲಿ ಮಂಜುಗಡ್ಡೆಯೆಂದರೆ ವಿದ್ಯುಚ್ಛಕ್ತಿಯ ಇನ್ನೊಂದು ರೂಪವೇ ಸರಿ. ಕಾಂಕ್ರೀಟಿನ ನೆಲದೊಳಗೆ ಕೊಳವೆಗಳನ್ನು ಹಾಸಿ, ಶೂನ್ಯಕ್ಕಿಂತ ಕೆಳಗೆ ತಣಿಸಿದ ದ್ರವವನ್ನು ಅವುಗಳಲ್ಲಿ ಎಡೆಬಿಡದೆ ಹರಿಸುವರು. ಮೇಲೆ ನೀರನ್ನು ತೆಳುವಾಗಿ ಪದರಪದರವಾಗಿ ಚಿಮುಕಿಸಿ ಹೆಪ್ಪುಗಟ್ಟಿಸುವರು. ಹೀಗೆ ಆಗುವ ಮಂಜುಗಡ್ಡೆಯ ದಪ್ಪವು ಮೂರು-ನಾಲ್ಕು ಸೆಂಟಿಮೀಟರು ಮಾತ್ರ. ಇಂಥ ಕೃತಕ ಅಂಗಣವನ್ನು ಜಾನ್ ಗ್ಯಾಂಜಿಯೆಂಬವನು 1876ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಮೊದಲು ತೆರೆದನು. ಜಲಪಾತದ ಬಲದಿಂದ 1887ರಲ್ಲಿ ಗಿರಣಿಯನ್ನು ನಡೆಸತೊಡಗಿದ ಗೋಕಾಕಕ್ಕೂ, 1969ರಲ್ಲಿ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡ ಹುಕ್ಕೇರಿಗೂ ಶಕ್ತಿಯ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಯಂತ್ರವು ಹಗಲಿರುಳೂ ನಡೆಯಬೇಕು. ನಿಂತರೆ ಅಂಗಣವು ನೀರಾಗುವದು.

ಈ ವೆಚ್ಚದ ದೆಸೆಯಿಂದಲೇ ಅಂಗಣಗಳು ಹುಟ್ಟುವದೂ ಮುಚ್ಚುವದೂ ನಡೆದಿದೆ. ಮುಂಬಯಿಯ ಗೊರಾಯಿಯಲ್ಲಿ 1989ರಲ್ಲಿ ತೆರೆದ ಎಸ್ಸೆಲ್ ವರ್ಲ್ಡ್ ಉದ್ಯಾನದಲ್ಲಿ ಇಂಥದೊಂದು ಅಂಗಣವಿದ್ದಿತು. ಈಚಿನ ವರ್ಷಗಳಲ್ಲಿ ಆ ಉದ್ಯಾನವೇ ಮುಚ್ಚಿತು. ಡೆಹರಾಡೂನಿನಲ್ಲಿ 2011ರ ದಕ್ಷಿಣ ಏಶಿಯಾ ಚಳಿಗಾಲದ ಕ್ರೀಡೆಗಳ ಸಲುವಾಗಿ ದೊಡ್ಡ ಅಂಗಣವನ್ನು ಕಟ್ಟಿದರು. ಅದು ಬಹುಕಾಲ ಬರಿದೆ ಬಿದ್ದಿದ್ದು, ದುರಸ್ತಿಯ ತರುವಾಯ 2025ರ ಆಗಸ್ಟದಲ್ಲಿ ಅಲ್ಲಿ ಏಶಿಯಾದ ವೇಗಸ್ಕೇಟಿಂಗ್ ಪಂದ್ಯಗಳು ನಡೆದವು. ದಿಲ್ಲಿಯ ಹತ್ತಿರ ಗುರುಗ್ರಾಮದ ಆಂಬಿಯನ್ಸ್ ಮಾಲಿನೊಳಗೆ ಐಸ್ಕೇಟ್ ಎಂಬ ಅಂಗಣವನ್ನು ಮಾಡಿದರು. ನೆಂಟರು ಮೂರು ವರ್ಷದ ಹಿಂದೆ ಹೋಗಿ ಬಂದ ಸ್ಥಳವು ಇಂದಿಗೂ ತೆರೆದಿರುವದೆಂದು ತಿಳಿಯಲಾಗದು. ಹೊರಡುವ ವಾರದಲ್ಲಿಯೇ ದೂರವಾಣಿಯಿಂದ ಕೇಳಿ ಖಚಿತಪಡಿಸಿಕೊಳ್ಳಬೇಕು.

ಎರಡನೆಯದಾಗಿ ಋತುವನ್ನು ನೋಡಬೇಕು. ನಮ್ಮ ಶಾಲೆಗಳಿಗೆ ದೊಡ್ಡ ರಜೆಯು ಏಪ್ರಿಲ್-ಮೇ ತಿಂಗಳುಗಳಲ್ಲಿ ಬರುವದು. ನಿಸರ್ಗದ ಮಂಜುಗಡ್ಡೆಯು ಆಗ ಎಲ್ಲಿಯೂ ನಮ್ಮ ದಾರಿ ಕಾಯುತ್ತಿರುವದಿಲ್ಲ. ಶಿಮ್ಲಾದ ಬಯಲು ಅಂಗಣವು 1920ರಿಂದ ಪ್ರಸಿದ್ಧವಾದುದು. ರಾತ್ರಿ ನೆಲಕ್ಕೆ ನೀರು ಬಿಟ್ಟು, ಚಳಿಯಿಂದಲೇ ಅದನ್ನು ಗಟ್ಟಿಯಾಗಿಸುವ ಪದ್ಧತಿ ಅಲ್ಲಿಯದು. ಬಿಸಿಲಿಗೆ ಮೆತ್ತಗಾಗುವದರಿಂದ ಮುಂಜಾನೆ ಮತ್ತು ಸಾಯಂಕಾಲಗಳಲ್ಲಿ ಮಾತ್ರ ಆಟ. ಡಿಸೆಂಬರದಿಂದ ಫೆಬ್ರುವರಿಯವರೆಗೆ ಅದರ ಕಾಲ. ಚಳಿ ಕಡಿಮೆಯಾಗುತ್ತಿರುವದರಿಂದ ಆಟದ ದಿನಗಳೂ ಕಡಿಮೆಯಾಗುತ್ತಲಿವೆ. ಟೊರೊಂಟೊದ ನಗರಭವನದ ಮುಂದಿನ ನೇಥನ್ ಫಿಲಿಪ್ಸ್ ಚೌಕದಲ್ಲಿ 1964ರಿಂದ ಅಂಗಣವಿದೆ. ಒಳಗೆ ಹೋಗಲು ಹಣ ಬೇಡ. ಬೂಟು ಬಾಡಿಗೆಗೆ ತಕ್ಕೊಂಡರೆ ಅದಕ್ಕಷ್ಟೆ ಕೊಡಬೇಕು. ಅದಾದರೂ ಚಳಿಗಾಲದ್ದೇ. ಆಟಾವಾ ನಗರದ ರಿಡೋ ಕಾಲುವೆಯು ಹೆಪ್ಪುಗಟ್ಟಿದಾಗ 7.8 ಕಿಲೋಮೀಟರು ಉದ್ದದ ಜಾರುದಾರಿಯಾಗುವದು. 1971ರಲ್ಲಿ ಆರಂಭವಾದ ಆ ದಾರಿಯು 2022-23ರ ಚಳಿಗಾಲದಲ್ಲಿ ಮೊಟ್ಟಮೊದಲ ಸಲ ತೆರೆಯಲೇ ಇಲ್ಲ. ಮೇ ತಿಂಗಳಲ್ಲಿ ಹೋಗುವವರು ಛಾವಣಿಯೊಳಗಿನ ಅಂಗಣವನ್ನೇ ಹುಡುಕಬೇಕು. ದುಬೈಯಲ್ಲಿರುವ ಮಗನ ಮನೆಗೆ ಹೋಗುವವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು: ಅಲ್ಲಿಯ ದುಬೈ ಮಾಲಿನ ದೊಡ್ಡ ಅಂಗಣಕ್ಕೆ ಹೊರಗಿನ ಸೆಕೆಯ ಬಾಧೆಯಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಅಂಗಣವನ್ನು ಹುಡುಕುವ ಮೊದಲು ಮಗುವಿನ ಕಾಲನ್ನು ಸಿದ್ಧಗೊಳಿಸಬೇಕು; ಅದಕ್ಕೆ ಬೇಕಾದ ಸೌಕರ್ಯವು ನಮ್ಮ ಜಿಲ್ಲೆಯಲ್ಲಿಯೇ ಇದೆ. ಬೆಳಗಾವಿಯು ಗಾಲಿಯ ಸ್ಕೇಟಿಂಗಿಗೆ ಹೆಸರಾದ ಊರು, ಕೆ.ಎಲ್.ಇ. ಸಂಸ್ಥೆಯ ಸ್ಕೇಟಿಂಗ್ ಅಂಗಣದಲ್ಲಿಯೂ ಶಿವಗಂಗಾ ಕ್ಲಬ್ಬಿನಲ್ಲಿಯೂ ಅನೇಕ ಬಾಲಕ-ಬಾಲಿಕೆಯರು ತಯಾರಾಗಿರುವರು. ಸಾಲುಗಾಲಿಯ ಬೂಟಿನ ಮೇಲೆ ಮೊಣಕಾಲು ಬಗ್ಗಿಸಿ, ಒಂದು ಕಾಲಿನಿಂದ ತಳ್ಳಿ ಇನ್ನೊಂದರ ಮೇಲೆ ತೂಕವಿಟ್ಟು ಸಾಗುವ ರೂಢಿಯಾದರೆ, ಮಂಜುಗಡ್ಡೆಯ ಮೇಲಿನ ಅರ್ಧ ವಿದ್ಯೆ ಕೈಸೇರಿದಂತೆಯೇ. 2024ರ ಫೆಬ್ರುವರಿಯಲ್ಲಿ ಲೇಹದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ, ಕೆರೆ ಹೆಪ್ಪುಗಟ್ಟುವದನ್ನೇ ಅರಿಯದ ನಮ್ಮ ಕರ್ನಾಟಕದ ಸ್ಕೇಟಿಂಗ್ ಪಟುಗಳು ಚಿನ್ನದ ಪದಕಗಳನ್ನು ಗೆದ್ದು ತಂದರು. ಆದರೆ ನಿಲ್ಲುವ ಉಪಾಯವು ಎರಡರಲ್ಲಿಯೂ ಒಂದೇ ಅಲ್ಲ. ಗಾಲಿಬೂಟಿನ ಹಿಮ್ಮಡಿಯಲ್ಲಿ ರಬ್ಬರಿನ ತಡೆ ಇರುವದುಂಟು. ಅಲಗಿನ ಬೂಟಿಗೆ ಅದಿಲ್ಲ. ಹಿಮ್ಮಡಿಗಳನ್ನು ಹೊರಗೆ ಸರಿಸಿ, ಅಲಗಿನ ಅಂಚಿನಿಂದ ಮಂಜುಗಡ್ಡೆಯನ್ನು ಕೆರೆಯುತ್ತ ವೇಗವನ್ನು ಇಳಿಸಬೇಕು. ಗಾಲಿಯಲ್ಲಿ ನುರಿತ ಮಗುವೂ ಇದನ್ನು ಹೊಸದಾಗಿ ಕಲಿಯಬೇಕಾದುದರಿಂದ, ಮೊದಲ ದಿನ ಶಿಕ್ಷಕನಿಗೆ ಕೊಡುವ ಹಣವನ್ನು ಉಳಿಸಬಾರದು.

ಅಂಗಣಕ್ಕೆ ಇಳಿಯುವಾಗ ಅನುಸರಿಸತಕ್ಕ ನಿಯಮಗಳು ಕೆಲವೇ ಇವೆ. ಬೂಟು ಹಿಮ್ಮಡಿಗೆ ಬಿಗಿಯಾಗಿ ಕೂತಿರಬೇಕು. ಸಡಿಲಾದ ಬೂಟಿನಲ್ಲಿ ಹರಡು ತಿರುಚುವದು. ಕಾಲುಚೀಲ ಒಂದೇ ಜೊತೆ, ತೆಳುವಾದುದು ಸಾಕು. ಕೈಗವಸುಗಳನ್ನು ಎಂದಿಗೂ ಮರೆಯಬಾರದು. ಅವು ಚಳಿಗಾಗಿ ಮಾತ್ರವಲ್ಲ, ಬಿದ್ದಾಗ ಪರರ ಅಲಗಿನಿಂದ ಬೆರಳುಗಳನ್ನು ಕಾಯುವದಕ್ಕಾಗಿ. ಸೀರೆ, ಧೋತರ, ಇಳಿಬಿಟ್ಟ ಓಢಣಿ ಇವು ಅಲಗಿಗೆ ಸಿಕ್ಕುವದರಿಂದ ಸಲ್ಲವು. ಮಕ್ಕಳಿಗೆ ಶಿರಸ್ತ್ರಾಣವನ್ನು ಕಟ್ಟಬೇಕು. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುವದು ಅಂಗಣದ ರೀತಿ, ಎದುರು ಹೋಗಬಾರದು. ಮೊದಲ ಹತ್ತು ನಿಮಿಷ ಗೋಡೆಯ ಬದಿಯಲ್ಲಿ ಸಣ್ಣ ಹೆಜ್ಜೆಯಿಡುವದು ಮೇಲು. ಬೀಳುವೆನೆಂದು ತೋರಿದಾಗ ಹಿಂದಕ್ಕೆ ವಾಲದೆ ಮೊಣಕಾಲು ಬಗ್ಗಿಸಿ ಒಂದು ಪಕ್ಕಕ್ಕೆ ಕುಸಿಯಬೇಕು. ಕೈಯೂರಿ ಬೀಳುವವರಿಗೆ ಮಣಿಕಟ್ಟಿನ ಎಲುಬು ಮುರಿಯುವ ಭಯ ಹೆಚ್ಚು. ಮೊಣಕಾಲು ನೋವಿನವರೂ, ಎಲುಬು ಸವೆದ ವೃದ್ಧರೂ ಹೊರಗೆ ಕುಳಿತು ನೋಡುವದೇ ಒಳ್ಳೆಯದು. ದಮ್ಮಿನ ವ್ಯಾಧಿಯುಳ್ಳವರು ತಣ್ಣನೆಯ ಗಾಳಿಯಲ್ಲಿ ಬಹಳ ಹೊತ್ತು ಇರಬಾರದು.

ಕಡೆಯದಾಗಿ, ಆತಿಥ್ಯ ಕೊಡುವವರ ಕಡೆಗೂ ನೋಡೋಣ. ಮಹಾನಗರದಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವ ಮನೆಗೆ ವಾರಕ್ಕೆ ಒಂದೇ ಭಾನುವಾರ. ಆ ದಿನವೇ ಎರಡು ತಾಸು ವಾಹನಗಳ ಸಂದಣಿಯಲ್ಲಿ ನಮ್ಮನ್ನು ಕರೆದೊಯ್ದು, ತಲೆಗಿಷ್ಟರಂತೆ ಟಿಕೀಟು ತೆಗೆದು, ಬೂಟು-ಕೈಗವಸುಗಳ ಬಾಡಿಗೆಯನ್ನು ಕೊಟ್ಟು, ಮೇಲೆ ಉಪಾಹಾರವನ್ನೂ ಮಾಡಿಸುವದಾದರೆ ಅವರಿಗೆ ತಗಲುವ ಖರ್ಚು ಸಣ್ಣದಲ್ಲ. ನೆಂಟರು ಬಾಯಿಬಿಟ್ಟು ಹೇಳಲಾರರು, ಮನಸ್ಸಿನಲ್ಲಿಯೇ ನೊಂದುಕೊಳ್ಳುವರು. ಹೀಗೆ ಮಾತಿಗೆ ಬಾರದೆ ಉಳಿದ ನೋವಿನಿಂದಲೇ ಎಷ್ಟೋ ಮನೆಗಳಲ್ಲಿ ಹೋಗಿಬರುವದು ನಿಂತಿದೆ. ಆದುದರಿಂದ ಹೊರಡುವ ಮೊದಲೇ ನಮ್ಮ ಇಚ್ಛೆಯನ್ನು ತಿಳಿಸಿ, ಖರ್ಚು ನಮ್ಮದೆಂದು ಮುಂಗಡವಾಗಿ ಹೇಳಬೇಕು. ಅವರ ಮಕ್ಕಳ ಟಿಕೀಟನ್ನೂ ನಾವೇ ತೆಗೆದರೆ ಇನ್ನೂ ಚೆಂದ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಪರರ ಹಾಸಿಗೆಯಲ್ಲಿ ಮಲಗುವಾಗ ಹೆಚ್ಚು ನೆನಪಿರಬೇಕು.

ಎಲ್ಲ ವಿಚಾರಿಸಿದ ಮೇಲೂ ಅಂಗಣವು ದೂರವಾಯಿತು, ಇಲ್ಲವೆ ಮುಚ್ಚಿದೆ ಎಂದು ತಿಳಿದುಬಂದರೆ ಮಗುವಿಗೆ ನಿಜವನ್ನೇ ಹೇಳಿರಿ. ಪ್ಲಾಸ್ಟಿಕ್ ಹಲಗೆಯನ್ನು ಮಂಜುಗಡ್ಡೆಯೆಂದು ನಂಬಿಸಲು ಹೋಗಬೇಡಿರಿ. ಬರುವ ರಜೆಯವರೆಗೆ ಬೆಳಗಾವಿಯಲ್ಲಿ ಗಾಲಿಯ ಮೇಲೆ ಅಭ್ಯಾಸ ನಡೆಯಲಿ. ಅತ್ತೆ-ಮಾವಂದಿರ, ಅಣ್ಣ-ತಮ್ಮಂದಿರ ಮಕ್ಕಳು ಕೂಡಿ ಕಳೆಯುವ ನಾಲ್ಕು ದಿನಗಳು ವರ್ಷಕ್ಕೊಮ್ಮೆ ಬರುವವು. ಅವು ಮನೆಯಂಗಳದಲ್ಲಿ ಕಳೆದರೂ ವ್ಯರ್ಥವಾಗಲಾರವು.