ಉಪ್ಪಿನ ಪಾಠ ಹೊಲಕ್ಕೂ ಬರಲಿ

ನಮ್ಮದು ರಾಮನಗರದ ಪಕ್ಕದ ಹಳ್ಳಿ. ಮುಕ್ಕಾಲು ಎಕರೆ ಹಿಪ್ಪುನೇರಳೆ, ಒಂದು ಹುಳು ಮನೆ, ಒಂದು ಬೋರ್‌ವೆಲ್. ನಾನು ಬಿ.ಎಸ್ಸಿ ಕೊನೆಯ ವರ್ಷದಲ್ಲಿದ್ದಾಗ ತೋಟದ ಎಲೆಗಳ ಅಂಚು ಸುಟ್ಟಂತೆ ಕಂದಾಗತೊಡಗಿತು. ‘ಏನಾಗದೆ ನೋಡು ಮಗ, ಓದ್ತಿದೀಯಲ್ಲ’ ಎಂದರು ಅಪ್ಪ. ಎಲೆಯಂಚು ಸುಟ್ಟರೆ ಪೊಟ್ಯಾಸಿಯಂ ಕೊರತೆ ಎಂದು ಪರೀಕ್ಷೆಗೆ ಓದಿದ್ದೆ. ‘ಪೊಟ್ಯಾಷ್ ಹಾಕಪ್ಪ’ ಎಂದೆ. ಅಪ್ಪ ಸಾಲ ಮಾಡಿ ಚೀಲ ತಂದು ಹಾಕಿದರು. ಎಲೆ ಇನ್ನಷ್ಟು ಸುಟ್ಟಿತು. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಹೊರಗಿನಿಂದ ಸೊಪ್ಪು ಕೊಂಡು ಹಾಕಬೇಕಾಯಿತು. ಆ ಬೆಳೆಯ ಗೂಡಿನ ದುಡ್ಡು ಸಾಲಕ್ಕೇ ಸರಿಹೋಯಿತು.

ಆಮೇಲೆ ಟ್ರಂಕಿನಲ್ಲಿ ಮಡಿಚಿಟ್ಟಿದ್ದ ಮಣ್ಣು ಆರೋಗ್ಯ ಚೀಟಿ ಸಿಕ್ಕಿತು. ಅದರಲ್ಲಿ ಪೊಟ್ಯಾಷ್ ಸಾಕಷ್ಟಿತ್ತು. ‘ಇಸಿ’ ಎಂಬ ಸಾಲಿನ ಅಂಕಿ ಮಾತ್ರ ಇರಬೇಕಾದ್ದಕ್ಕಿಂತ ಜಾಸ್ತಿ. ಇಸಿ ಎಂದರೆ ವಿದ್ಯುತ್ ವಾಹಕತೆ. ಮಣ್ಣಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಅದು ಏರುತ್ತದೆ. ನಮ್ಮ ಬೋರಿನ ನೀರು ಸೌಳು ಎಂದು ಅಜ್ಜಿ ವರ್ಷಗಳಿಂದ ಹೇಳುತ್ತಲೇ ಇದ್ದರು. ಲವಣ ಹೆಚ್ಚಾದಾಗಲೂ ಎಲೆಯಂಚು ಹಾಗೆಯೇ ಸುಡುತ್ತದೆ. ಅಪ್ಪ ತಂದ ಪೊಟ್ಯಾಷ್ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಲವಣವೇ. ಉಪ್ಪಿನ ಮೇಲೆ ಉಪ್ಪು ಸುರಿಸಿದವನು ನಾನು.

ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇನಲ್ಲ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರದಲ್ಲಿ ಒಂದು ಕಿಣ್ವ ಕಂಡುಹಿಡಿದರು. ಸೋಡಿಯಂ, ಪೊಟ್ಯಾಸಿಯಂ ಎರಡೂ ಸಿಕ್ಕಾಗ ಅದು ಚುರುಕಾಗಿ, ಎಟಿಪಿ ಒಡೆದು, ಸೋಡಿಯಂ ಅನ್ನು ಕೋಶದ ಹೊರಗೆ ಹಾಕುತ್ತದೆ. ಅದಕ್ಕೆ 1997ರ ನೊಬೆಲ್ ಬಂತು. ನಮ್ಮ ಹೊಲದ ಗಿಡಗಳಲ್ಲಿ ಆ ಪಂಪ್ ಇಲ್ಲ. ಅವು ಎಟಿಪಿ ಖರ್ಚು ಮಾಡಿ ಪ್ರೋಟಾನ್‌ಗಳನ್ನು ಹೊರಗೆ ತಳ್ಳುತ್ತವೆ. ಆ ಪ್ರೋಟಾನ್ ಒಳಗೆ ಮರಳುವ ರಭಸದಲ್ಲಿ ಸೋಡಿಯಂ ಹೊರಗೆ ಹೋಗುತ್ತದೆ, ಇಲ್ಲವೇ ಕೋಶದೊಳಗಿನ ರಸದಾನಿಯಲ್ಲಿ ಬಂಧಿಯಾಗುತ್ತದೆ.

ಗಿಡಕ್ಕೆ ಇಷ್ಟು ಪಾಡೇಕೆ? ಗಿಡದ 50ಕ್ಕೂ ಹೆಚ್ಚು ಕಿಣ್ವಗಳು ಕೆಲಸ ಮಾಡಲು ಪೊಟ್ಯಾಸಿಯಂ ಬೇಕು. ಸೋಡಿಯಂ ನೋಡಲು ಅದರ ತಮ್ಮನಂತಿದ್ದರೂ ಆ ಜಾಗಕ್ಕೆ ಒಗ್ಗುವುದಿಲ್ಲ. 1972ರಲ್ಲಿ ವಿಜ್ಞಾನಿಗಳು ಉಪ್ಪುನೆಲದ ಗಿಡಗಳ ಕಿಣ್ವಗಳನ್ನು ಹುರುಳಿಕಾಯಿ ಗಿಡದ ಕಿಣ್ವಗಳ ಜೊತೆ ಪ್ರನಾಳದಲ್ಲಿ ಹೋಲಿಸಿದರು. ಉಪ್ಪಿಗೆ ಎರಡೂ ಬಹುತೇಕ ಒಂದೇ ರೀತಿ ಸೋತವು. ಅಂದರೆ ಉಪ್ಪುನೆಲದ ಗಿಡದ ಜಾಣ್ಮೆ ಇರುವುದು ಉಪ್ಪನ್ನು ಎಲ್ಲಿಡಬೇಕು ಎಂದು ತಿಳಿದಿರುವುದರಲ್ಲಿ.

ನಾವೂ ಓದನ್ನು ಒಂದು ಕಡೆ, ಹೊಲವನ್ನು ಇನ್ನೊಂದು ಕಡೆ ಇಟ್ಟಿದ್ದೇವೆ. ಆದರೆ ಇದರಲ್ಲಿ ಜಾಣ್ಮೆಯಿಲ್ಲ. ಪಿಯುಸಿ ಲ್ಯಾಬಿನಲ್ಲಿ ರಿಯೋ ಎಲೆಯ ಸಿಪ್ಪೆಗೆ ಉಪ್ಪುನೀರು ಬಿಟ್ಟು, ಕೋಶ ಮುದುಡುವುದನ್ನು ನೋಡಿ, ಚಿತ್ರ ಬರೆದು ಅಂಕ ತಗೊಂಡೆವು. ಮನೆಯ ಬೋರ್ ನೀರಿನ ಒಂದು ಬಾಟಲಿಯನ್ನು ಆ ಲ್ಯಾಬಿಗೆ ತರಲು ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಮಣ್ಣು ಪರೀಕ್ಷೆಗೆ ಇಲಾಖೆ ಇದೆಯಲ್ಲ ಎನ್ನಬಹುದು. ಇದೆ, ಚೀಟಿಯೂ ಬರುತ್ತದೆ. ಅದರ 12 ಅಂಶಗಳಲ್ಲಿ ಇಸಿ ಇದೆ, ಪೊಟ್ಯಾಸಿಯಂ ಇದೆ, ಸೋಡಿಯಂ ಇಲ್ಲ. ಉಪ್ಪು ಎಷ್ಟಿದೆ ಎಂದು ತಿಳಿಯುತ್ತದೆ, ಯಾವ ಉಪ್ಪು ಎಂದು ತಿಳಿಯುವುದಿಲ್ಲ. ಬರೀ ಲವಣ ಹೆಚ್ಚಿದ್ದರೆ ಒಳ್ಳೆಯ ನೀರಿನಿಂದ ತೊಳೆದು ಬಸಿಯಬೇಕು. ಸೋಡಿಯಂ ಮಣ್ಣಿಗೆ ಅಂಟಿ ಕೂತಿದ್ದರೆ ಜಿಪ್ಸಮ್ ಬೇಕು. ರೋಗ ತಿಳಿಯದೆ ಔಷಧಿ ಕೊಟ್ಟರೆ ಏನಾಗುತ್ತದೆ ಎಂದು ನಮ್ಮಪ್ಪನನ್ನು ಕೇಳಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಾಲೇಜುಗಳಲ್ಲಿ ನಮ್ಮಂತಹ ರೈತರ ಮಕ್ಕಳು ಕಡಿಮೆಯಿಲ್ಲ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆಗೆ ಬಂದು ಸೇರುವ ಜಿಲ್ಲೆ ನಮ್ಮದು. ಪ್ರತಿ ಕಾಲೇಜಿನಲ್ಲಿ ಒಂದು ಇಸಿ ಮೀಟರ್, ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆಯಾದ ಮೇಲೆ, ಪ್ರತಿ ವಿದ್ಯಾರ್ಥಿಯ ಮನೆಯ ನೀರಿನ ಪರೀಕ್ಷೆ. ಅದೇ ಅವರ ಪ್ರಾಜೆಕ್ಟ್ ಆಗಲಿ. ಐದು ವರ್ಷದಲ್ಲಿ ಊರೂರಿನ ಉಪ್ಪಿನ ಲೆಕ್ಕ ನಮ್ಮ ಕೈಯಲ್ಲಿರುತ್ತದೆ. ಕೆಲಸ ಹುಡುಕುವವರಿಗೂ ಇದು ಸಣ್ಣ ವಿದ್ಯೆಯಲ್ಲ. ಮಣ್ಣು, ನೀರು ಪರೀಕ್ಷಿಸಿ ಅರ್ಥ ಹೇಳಬಲ್ಲವರು ಪ್ರತಿ ಹೋಬಳಿಗೂ ಬೇಕು.

ನಾವೀಗ ಪೊಟ್ಯಾಷ್ ನಿಲ್ಲಿಸಿದ್ದೇವೆ. ಬದು ಎತ್ತರಿಸಿ ಮಳೆನೀರು ತೋಟದಲ್ಲೇ ಇಂಗುವಂತೆ ಮಾಡಿದ್ದೇವೆ. ಕಳೆದ ಮಳೆಗಾಲದ ನಂತರ ಹೊಸ ಎಲೆಗಳ ಅಂಚು ಹಸಿರಾಗಿಯೇ ಇದೆ. ಈಗ ಏನಾದರೂ ಹೇಳಲು ಹೋದರೆ ಅಪ್ಪ ಮೊದಲು ಕೇಳುವುದು ಒಂದೇ ಮಾತು: ‘ಚೀಟಿ ನೋಡಿದ್ಯಾ?’