ಅಂಗಳದ ಕಲ್ಲಿಗೆ ತೇಜಾಬ್ ಬೇಡ

ದೀಪಾವಳಿ ಹತ್ತಿರವಾದಂತೆ ದ್ವಾರಕಾ, ನೋಯ್ಡಾ, ಗುರುಗ್ರಾಮಗಳ ನಮ್ಮವರ ಮನೆಗಳಲ್ಲಿ ಅಂಗಳ ತೊಳೆಯುವ ಕೆಲಸ ಸಾಮಾನ್ಯವಾಗಿ ನಿಮ್ಮ ಪಾಲಿಗೇ ಬರುತ್ತದೆ. ಕಲ್ಲು ಮಂಕಾಗಿದೆಯೆಂದು ತೇಜಾಬಿನ ಬಾಟಲಿ ತರುವ ಮುನ್ನ ಇದನ್ನಿಷ್ಟು ಓದಿರಿ.

ದೆಹಲಿಯ ಅಂಗಳಗಳಲ್ಲಿ ಹೆಚ್ಚಾಗಿ ಕಾಣುವವು ಎರಡು ಬಗೆ: ಹಸಿರು ಮಿಶ್ರಿತ ಬೂದು ಬಣ್ಣದ ಕೋಟಾ ಕಲ್ಲು, ಧೋಲ್‌ಪುರದ ಕಡೆಯ ಕೆಂಪು ಅಥವಾ ಕೆನೆಬಣ್ಣದ ಮರಳುಗಲ್ಲು. ಎರಡೂ ರಾಜಸ್ಥಾನದವು. ಕೋಟಾ ಸುಣ್ಣದ ಕಲ್ಲು. ರಜೆಯಲ್ಲಿ ಕಲಬುರಗಿಯ ಕಡೆ ಅಜ್ಜಿಯ ಮನೆಗೆ ಹೋದವರು ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಮಲಗಿರುತ್ತೀರಿ. ಅದೂ ಇದೇ ಜಾತಿಯದು. ಆ ಸೀಮೆಯ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದೂ ಸುಣ್ಣದ ಕಲ್ಲಿನ ದೆಸೆಯಿಂದಲೇ. ಇಂಥ ಕಲ್ಲಿನ ಮೇಲೆ ತೇಜಾಬ್ ಬಿದ್ದರೆ ನೊರೆಯೇಳುತ್ತದೆ. ಕೊಳೆ ಹೋಗುತ್ತಿದೆಯೆಂದು ಸಂತೋಷಪಡುತ್ತೇವೆ. ಕರಗಿ ಹೋಗುತ್ತಿರುವುದು ಕಲ್ಲು! ಹೊಳಪು ಹೋದಮೇಲೆ ಪಾಲಿಶ್ ಯಂತ್ರವೇ ಗತಿ. ಲಿಂಬೆರಸ, ಹುಣಸೆನೀರು ಚೆಲ್ಲಿದರೂ ಕೂಡಲೇ ಒರೆಸಬೇಕು. ತೊಳೆಯಲು ಸಾದಾ ಸೋಪಿನ ನೀರು ಸಾಕು.

ಮರಳುಗಲ್ಲಿನ ಕಾಯಿಲೆ ಬೇರೆ. ಅದು ನೀರು ಕುಡಿಯುತ್ತದೆ. ಇಲ್ಲಿ ಬಹಳಷ್ಟು ಕಡೆ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ನೀರು ಆರಿದಾಗ ಉಪ್ಪು ಬಿಳಿ ಪುಡಿಯಾಗಿ ಮೇಲೆ ಕಾಣುತ್ತದೆ. ಅದನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕು. ಹಾಗೆ ಮಾಡದೆ ಕೆಲವರು ಮಿರಮಿರನೆ ಮಿಂಚುವ ವಾರ್ನಿಷ್ ಬಳಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಇದು ತೇಜಾಬಿಗಿಂತಲೂ ಕೆಟ್ಟ ಉಪಚಾರ. ಒಳಗಿನ ತೇವಕ್ಕೆ ಹೊರಬರುವ ದಾರಿಯಿಲ್ಲದೆ, ಉಪ್ಪು ಪದರದ ಕೆಳಗೇ ಹರಳುಗಟ್ಟಿ ಕಲ್ಲನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಹಳೆಯ ಕಟ್ಟಡ ಬಲ್ಲವರು ಸಿಮೆಂಟಿಗಿಂತ ಸುಣ್ಣದ ಗಾರೆಯನ್ನು ಮೆಚ್ಚುವುದಕ್ಕೂ ತೇವ ಹೊರಹೋಗಲು ಅದು ಬಿಡುತ್ತದೆಂಬುದು ಒಂದು ಕಾರಣ. 2013ರಲ್ಲಿ ಮುಗಿದ ಹುಮಾಯೂನನ ಸಮಾಧಿಯ ಜೀರ್ಣೋದ್ಧಾರದಲ್ಲಿ, 20ನೆಯ ಶತಮಾನದಲ್ಲಿ ಛಾವಣಿಗೆ ಹೇರಿದ್ದ ಕಾಂಕ್ರೀಟನ್ನು ಕಿತ್ತು ಸುಣ್ಣದ ಗಾರೆಯನ್ನೇ ಹಾಕಿದರು.

ಹಾಗಾದರೆ ಸೀಲರ್ ಬೇಡವೇ? ಮೊದಲು ಒಂದು ಚಮಚ ನೀರು ಹಾಕಿ ನೋಡಿ. ಹತ್ತು ನಿಮಿಷದ ನಂತರವೂ ಹನಿ ಹಾಗೆಯೇ ನಿಂತಿದ್ದರೆ ಹಣ ಉಳಿಸಿ. ಕಲ್ಲು ಕಪ್ಪಾಗಿ ನೀರು ಹೀರಿದ್ದರೆ, ಒಳಗೆ ಇಂಗುವ ಸಿಲೇನ್-ಸಿಲಾಕ್ಸೇನ್ ಬಗೆಯ ಸೀಲರನ್ನು ಕೇಳಿ ತನ್ನಿ. ಅದು ನೀರನ್ನು ತಡೆದು ಆವಿಯನ್ನು ಬಿಡುತ್ತದೆ. ಕೆಳಗಿನಿಂದ ತೇವ ಏರುತ್ತಿದ್ದರೆ ಮಾತ್ರ, ಅದನ್ನು ಸರಿಪಡಿಸುವವರೆಗೆ ಯಾವ ಸೀಲರೂ ಬೇಡ. ಮಳೆಗಾಲ ಕಳೆದು ಕಲ್ಲು ಚೆನ್ನಾಗಿ ಒಣಗಿದ ಮೇಲೆ, ಮೂಲೆಯೊಂದರಲ್ಲಿ ಪರೀಕ್ಷಿಸಿ, ತೆಳುವಾಗಿ ಹಚ್ಚಿರಿ. ಹೆಚ್ಚಾದದ್ದನ್ನು ಆರುವ ಮೊದಲೇ ಬಟ್ಟೆಯಿಂದ ಒರೆಸಿಬಿಡಿ, ಇಲ್ಲವಾದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಬಣ್ಣದ ರಂಗೋಲಿಯನ್ನು ಒದ್ದೆ ಕಲ್ಲಿನ ಮೇಲೆ ಬಿಡಿಸಬೇಡಿ, ಬಣ್ಣ ಒಳಗಿಳಿಯುತ್ತದೆ. ಹಣತೆಯ ಕೆಳಗೆ ತಟ್ಟೆಯಿರಲಿ. ಎಣ್ಣೆ ಸೋರಿಯೇಬಿಟ್ಟರೆ ಸೀಮೆಸುಣ್ಣದ ಪುಡಿ ಹರಡಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗುಡಿಸಿರಿ. ಒಂದೇ ಸಲಕ್ಕೆ ಹೋಗಲಾರದು; ಎರಡು ಮೂರು ಬಾರಿ ಮಾಡಬೇಕಾದೀತು.